ಕುದಿಯುವ ಕಷಾಯಕ್ಕೆ ಹೆಪ್ಪು ಹಾಕಿ ಕೂಗುವುದರ ನಿಷೇಧ

ಸಂಖ್ಯೆ: ತಂಪು/ಹಳ್ಳ/ಕೂಗು/ತುರ್ತು
ಹೆಲ್ಲೆದಾಲ್ ಕಣಿವೆ, ಪಶ್ಚಿಮ ನಾರ್ವೆ

ವಿಷಯ: ಮನೆಯಲ್ಲಿ ಬಿಯರ್ ಮಾಡುವವರು ಕುದಿಸಿದ ಬಾರ್ಲಿ ಕಷಾಯವನ್ನು ಬೇಗ ತಣಿಸುವ ಬಗ್ಗೆ.

ಉಲ್ಲೇಖ: ಇಂದು ಬೆಳಿಗ್ಗೆ ಹಳ್ಳದ ದಡದಲ್ಲಿ ನಡೆದ ಅನಾಹುತ.

ಶನಿವಾರದ ಮದುವೆಗೆಂದು ಕುದಿಸಿದ ಕಷಾಯ ತಣಿಯುವ ಮುನ್ನವೇ ವಧುವಿನ ಅಜ್ಜ ಶ್ರೀ ಯೆರ್ಮುಂಡ್ ಅವರು ಅರ್ಧ ಪಾಲಿಗೆ ಮನೆಯಲ್ಲಿದ್ದ ಹೆಪ್ಪನ್ನೆಲ್ಲ (ಬಿಯರಿನ ಯೀಸ್ಟ್) ಸುರಿದು, ಪದ್ಧತಿಯಂತೆ ಪೀಪಾಯಿಯೊಳಗೆ ತಲೆ ತೂರಿಸಿ ಕೂಗಿರುತ್ತಾರೆ. ಕೂಗು ಜೋರಾದಷ್ಟೂ ಬಿಯರ್ ಖಡಕ್ಕಾಗುವುದೆಂಬುದು ನಿರ್ವಿವಾದ. ಆದರೆ ಹೆಪ್ಪು ಬೆಂದು ಸತ್ತಿರುತ್ತದೆ. "ಮೊಣಕೈ ಅದ್ದಿ ನೋಡ್ದೆ ಕಣ್ರೋ, ಬಿಸಿ ಅನ್ನಿಸ್ಲೇ ಇಲ್ಲ" ಎಂದು ಸದರಿಯವರು ಹೇಳಿಕೆ ನೀಡಿರುತ್ತಾರೆ. ಸದರಿ ಮೊಣಕೈ ದಪ್ಪ ಉಣ್ಣೆ ಅಂಗಿಯೊಳಗಿತ್ತೆಂಬುದು ತನಿಖೆಯಿಂದ ದೃಢಪಟ್ಟಿದೆ.

ಉಳಿದರ್ಧಕ್ಕೆ ಇಂದು ಸಂಜೆಯೊಳಗೆ ಹೆಪ್ಪು ಬೀಳದಿದ್ದಲ್ಲಿ ಮದುವೆಗೆ ಬಿಯರ್ ಇರುವುದಿಲ್ಲ. ಬಿಯರಿಲ್ಲದ ಮದುವೆಯನ್ನು ಮದುವೆಯೆಂದು ಈ ಕಣಿವೆಯಲ್ಲಿ ಯಾರೂ ಒಪ್ಪುವುದಿಲ್ಲ. ಆದ್ದರಿಂದ ಈ ಮೂಲಕ ಸೂಚಿಸುವುದೇನೆಂದರೆ:

೧. ಕಷಾಯವನ್ನು ಹಾಲಿನ ಕ್ಯಾನುಗಳಿಗೆ ತುಂಬಿ ಹಳ್ಳದಲ್ಲಿ ನಿಲ್ಲಿಸಿ, ಬಂಡೆಗೆ ಕಟ್ಟತಕ್ಕದ್ದು. ತೇಲಿ ಬಂದ ಕ್ಯಾನನ್ನು "ಹಳ್ಳವೇ ಕೊಡ್ತು" ಎನ್ನುವ ಕೆಳಗಿನ ಮನೆಯವರ ವಾದವನ್ನು ಇನ್ನು ಮುಂದೆ ಪುರಸ್ಕರಿಸಲಾಗುವುದಿಲ್ಲ.

೨. ಕಷಾಯದೊಳಗೇ ಹಿಮ ಸುರಿಯುವುದನ್ನು ನಿಷೇಧಿಸಲಾಗಿದೆ. ಊದಿ ತಣಿಸಲು ಅಡ್ಡಿಯಿಲ್ಲ. ಊದುವವರು ಗಡ್ಡವನ್ನು ಅಂಗಿಯೊಳಗೆ ಸೇರಿಸಿಕೊಳ್ಳತಕ್ಕದ್ದು.

೩. ತಣ್ಣೀರು ಹರಿಯುವ ತಾಮ್ರದ ಸುರುಳಿ ಕೊಳವೆಯನ್ನು ಕಷಾಯದಲ್ಲಿ ಮುಳುಗಿಸಲು ಅನುಮತಿಯಿದೆ. ಅಜ್ಜಂದಿರ ಕಣ್ಣಿಗೆ ಬೀಳದಂತೆ ಬಳಸತಕ್ಕದ್ದು.

೪. ಬರಿಯ ಮೊಣಕೈಗೆ ಉಗುರು ಬೆಚ್ಚಗೆನಿಸುವ ತನಕ ಯಾರೂ ಕೂಗತಕ್ಕದ್ದಲ್ಲ. ಜೋರು ಸೀನನ್ನೂ ಕೂಗೆಂದೇ ಪರಿಗಣಿಸಲಾಗುವುದು. ಕೂಗು ಕೇಳಿ ಲೋಟ ಹಿಡಿದು ಬರುವ ನೆರೆಯವರನ್ನು ವಾಪಸು ಕಳಿಸುವ ಹೊಣೆ ಸೀನಿದವರದೇ.

೫. ಕಣಿವೆಯಲ್ಲಿ ಇನ್ನುಳಿದಿರುವುದು ಶ್ರೀಮತಿ ಟೋರ್‌ಬ್ಯೋರ್ ಅವರ ಅಟ್ಟದಲ್ಲಿ ಒಣಗಿಸಿಟ್ಟ ಹೆಪ್ಪು ಮಾತ್ರ. ಅವರ ಬಿಯರನ್ನು ಅಜ್ಜನವರು ತುಂಬಿದ ಸಭೆಯಲ್ಲಿ "ಕಲಗಚ್ಚು" ಎಂದಿದ್ದರಿಂದ ಇಬ್ಬರಿಗೂ ಮಾತಿಲ್ಲ. "ಅವ್ನೇ ಬಂದು ಬಾಯ್ಬಿಟ್ಟು ಕೇಳ್ಲಿ. ಕೊಡಲ್ಲ ಅಂದೋರ್ಯಾರು?" ಎಂದು ಶ್ರೀಮತಿಯವರು ತಿಳಿಸಿರುತ್ತಾರೆ. ಆದಕಾರಣ ಅಜ್ಜನವರು ಖುದ್ದಾಗಿ ಹೋಗಿ, ಮುಖ ನೋಡಿ, ತಪ್ಪಾಯಿತೆಂದು ಹೇಳಿ ಹೆಪ್ಪು ತರತಕ್ಕದ್ದು. ಬಾಗಿಲಲ್ಲಿ ನಿಂತು ಕೆಮ್ಮುವುದನ್ನು ಕ್ಷಮಾಪಣೆಯೆಂದು ಸ್ವೀಕರಿಸಲಾಗುವುದಿಲ್ಲ.

ಸಹಿ/-
ಆಸ್ಲೌಗ್
ಪ್ರಭಾರ ಅಧಿಕಾರಿ ಹಾಗೂ ವಧು

ಪ್ರತಿಗಳು:
ಪಾದ್ರಿಯವರಿಗೆ: ಗಡ್ಡದ ಅಂಶವನ್ನು ಗಮನಿಸಲು ಕೋರಿ.
ವರನಿಗೆ: ಮಾಹಿತಿಗಾಗಿ ಮಾತ್ರ. ಸಲಹೆ ಬೇಕಿಲ್ಲ.
ಶ್ರೀಮತಿ ಟೋರ್‌ಬ್ಯೋರ್ ಅವರಿಗೆ: ಬಾಗಿಲ ಅಗುಳಿ ತೆಗೆದಿರಲು ವಿನಂತಿಸಿ.
ಅಜ್ಜನವರಿಗೆ: ತುರ್ತು ಕ್ರಮಕ್ಕಾಗಿ. ಹೋಗ್ಬಾ ಅಜ್ಜಾ, ದಮ್ಮಯ್ಯ. ನೀನು ಮಾಡಿದ ಬಿಯರಿಲ್ದೆ ನಾನು ಚರ್ಚಿನ ಮೆಟ್ಲು ಹತ್ತಲ್ಲ.