ಬೇಸ್‌ಮೆಂಟಿನ ಮಣ್ಣಿನ ಮೀನುಗಳು

ನಾನು ಸ್ವಭಾವತಃ ಹಟಮಾರಿಯಲ್ಲ. ಟೊರೊಂಟೊದಲ್ಲಿ ಕಾಂಕ್ರೀಟಿನ ಬಿರುಕು, ಗೋಡೆಯ ತೇವ ಪರೀಕ್ಷಿಸುವ ಎಂಜಿನಿಯರಾಗಿ ಮೂವತ್ತು ವರ್ಷ ಬಾಸ್ ಹೇಳಿದ್ದಕ್ಕೆಲ್ಲ ತಲೆಯಾಡಿಸಿದವನು. ಮನೆಯಲ್ಲೂ ಅದೇ ತಲೆ, ಅದೇ ಆಟ. ಅಂಥವನಿಗೆ ನಿವೃತ್ತಿಯ ನಂತರ ಒಂದು ಗೋಡೆಯ ವಿಷಯದಲ್ಲಾದರೂ ಹಟ ಮಾಡುವ ಹಕ್ಕಿಲ್ಲವೇ? ಇದೆ ಎಂದು ನಾನೇ ತೀರ್ಪು ಕೊಟ್ಟುಕೊಂಡೆ.

ತಪ್ಪೆಲ್ಲ ಪೆರು ದೇಶದ್ದು. ಅಲ್ಲಿಗೆ ಪ್ರವಾಸ ಹೋದಾಗ ಚಾನ್ ಚಾನ್ ಎಂಬ ಹಳೆಯ ನಗರ ನೋಡಿದೆವು. ಕೊಲಂಬಸ್ ಹುಟ್ಟುವುದಕ್ಕೆ ಎಷ್ಟೋ ಮೊದಲು ಕಟ್ಟಿದ್ದು, ಊರಿಗೆ ಊರೇ ಹಸಿ ಇಟ್ಟಿಗೆಯದು. ಗೋಡೆಗಳ ತುಂಬ ಮಣ್ಣಿನಲ್ಲೇ ಮೂಡಿಸಿದ ಮೀನು, ಕಡಲಹಕ್ಕಿ, ಅಲೆ, ಬಲೆ. ಸಿಮೆಂಟಿಲ್ಲ, ಕಂಬಿಯಿಲ್ಲ, ನನ್ನಂಥವನ ಸಹಿಯೂ ಇಲ್ಲ. ಆದರೂ ನಿಂತಿವೆ. ನಾನು ಸಹಿ ಮಾಡಿದ ಪಾರ್ಕಿಂಗ್ ಕಟ್ಟಡವೊಂದನ್ನು ಆಗಲೇ ಕೆಡವಿದ್ದು ನೆನಪಾಗಿ ನಾಚಿಕೆಯಾಯಿತು. ಟೊರೊಂಟೊ ಪಕ್ಕದ ಎರಿನ್ ಮಿಲ್ಸಿನಲ್ಲಿರುವ ನಮ್ಮ ಮನೆಯ ಬೇಸ್‌ಮೆಂಟಿನಲ್ಲಿ ಅಂಥದೇ ಮೀನುಗಳನ್ನು ಮೂಡಿಸಬೇಕೆಂದು ಅಲ್ಲೇ ನಿಶ್ಚಯಿಸಿದೆ.

ಜಾರ್ಜ್‌ಟೌನಿನ ಆಚೆಯ ಫಾರ್ಮೊಂದರಿಂದ ಜೇಡಿಮಣ್ಣು, ಗೋಧಿ ಹುಲ್ಲು ತಂದೆ. ಎರಡನ್ನೂ ಬೆರೆಸಿ, ನೀರು ಹಾಕಿ, ಪ್ಯಾಂಟು ಮಡಚಿ ತುಳಿದೆ. ಮಗಳು ಮೆಟ್ಟಿಲ ಮೇಲಿಂದ ಇಣುಕಿ, "ಅಪ್ಪಾ, ಈಸ್ ದಿಸ್ ಈವನ್ ಲೀಗಲ್?" ಎಂದಳು. ವಾರದಲ್ಲಿ ಹನ್ನೊಂದು ಮೀನು ಗೋಡೆ ಹತ್ತಿದವು. ಹೆಂಡತಿ ಸುಮಿತ್ರಾ ಧಾರವಾಡದವಳು, ಮೀನೆಂದು ಒಪ್ಪಲಿಲ್ಲ. "ಬದನೀಕಾಯಿಗೆ ಬಾಲ ಹಚ್ಚೀರೇನ್ರಿ?" ಎಂದಳು. ಎರಡನೇ ವಾರ ಕೊಟ್ಟಿಗೆಯ ವಾಸನೆ ಮೇಲಿನ ಅಡಿಗೆಮನೆಗೆ ಬಂತು. ಆಗ ಆದೇಶ ಹೊರಟಿತು.

"ನವರಾತ್ರಿಗೆ ಮಂದಿ ಊಟಕ್ಕ ಬರ್ತಾರ. ಅಷ್ಟರೊಳಗ ಈ ರಾಡಿ ಕೆರದು ತಗೀರಿ. ಇಲ್ಲಂದ್ರ ನಾನ ಸಲಿಕಿ ಹಿಡೀತೀನಿ."

"ತಗಿಯೂದಿಲ್ಲ" ಎಂದೆ. ಮದುವೆಯಾದ ಮೇಲೆ ಇಂಥ ಮಾತು ನನ್ನ ಬಾಯಿಂದ ಬಂದದ್ದು ಅದೇ ಮೊದಲು. ಸ್ವಲ್ಪ ಹೊತ್ತು ನಾನೇ ಹೆದರಿದೆ, ಆದರೆ ಹಿಂದೆ ಸರಿಯಲಿಲ್ಲ. ಸಲಿಕೆಯನ್ನು ಕಾರಿನ ಡಿಕ್ಕಿಯಲ್ಲಿಟ್ಟು ಬೀಗ ಹಾಕಿದೆ. ಗೋಡೆಗೆ ಬೆನ್ನು ಕೊಟ್ಟು ಕುರ್ಚಿ ಹಾಕಿಕೊಂಡು ಕಾವಲು ಕೂತೆ. ಅಲ್ಲೇ ಚಹಾ, ಅಲ್ಲೇ ಊಟ. ಯಾರ ಅಪ್ಪಣೆಯನ್ನೂ ಕೇಳದೆ ನಾನು ಮಾಡಿದ ಒಂದೇ ಒಂದು ವಸ್ತು ಅದು. ಅದೂ ಹೋದರೆ ಈ ಮನೆಯಲ್ಲಿ ನನ್ನದೆನ್ನುವುದು ಏನೂ ಉಳಿಯುವುದಿಲ್ಲವೆಂದು ನಿಜಕ್ಕೂ ಸಂಕಟವಾಗಿತ್ತು.

ನವರಾತ್ರಿಯ ಮೊದಲ ಬೆಳಿಗ್ಗೆ ಸುಮಿತ್ರಾ ಪಕ್ಕದ ಮನೆಯ ಸಲಿಕೆ ಹಿಡಿದು, ದೀಪ ಹಾಕಿ ಇಳಿದುಬಂದಳು. ನಾನು ಕೈ ಚಾಚಿ ಅಡ್ಡ ನಿಂತೆ. ಅವಳ ಕಣ್ಣು ನನ್ನನ್ನು ದಾಟಿ ಗೋಡೆಗೆ ಹೋಯಿತು, ಸಲಿಕೆ ಕೆಳಗಿಳಿಯಿತು. ತಿರುಗಿ ನೋಡಿದರೆ ಮೀನುಗಳ ಬೆನ್ನ ಮೇಲೆಲ್ಲ ತಿಳಿಹಳದಿ ಸಸಿ! ಚಾನ್ ಚಾನ್ ಇರುವುದು ಮರುಭೂಮಿಯಲ್ಲಿ, ನನ್ನ ಗೋಡೆ ಇರುವುದು ತೇವದ ಬೇಸ್‌ಮೆಂಟಿನಲ್ಲಿ. ಹುಲ್ಲಿನಲ್ಲಿ ಉಳಿದಿದ್ದ ಗೋಧಿ ಕಾಳನ್ನು ಆರಿಸದೆ ಕಲಸಿದ್ದೆ.

ನಮ್ಮ ಕಡೆ ನವರಾತ್ರಿಗೆ ದೇವಿಯ ಮುಂದೆ ಮಣ್ಣಿನಲ್ಲಿ ಕಾಳು ಬಿತ್ತಿ ಘಟ ಹಾಕುತ್ತಾರೆ. ದಸರೆಯವರೆಗೆ ಆ ಸಸಿಯನ್ನು ಯಾರೂ ಕೀಳುವಂತಿಲ್ಲ. "ತಾಯಿ ತಾನ ಬಂದು ಕೂತಾಳ" ಎಂದು ಸುಮಿತ್ರಾ ಕೈಮುಗಿದಳು. "ಇನ್ನ ಯಾರೂ ಮುಟ್ಟಂಗಿಲ್ಲ."

ಗೆದ್ದೆ ಎಂದು ಹಿಗ್ಗಿದೆ. "ಯಾರೂ ಅಂದ್ರ?"

"ಮೊದಲ ನೀವು. ಜಳಕಾ ಮಾಡಲಾರದ ಕೆಳಗ ಇಳೀಬ್ಯಾಡ್ರಿ. ಆ ಕುರ್ಚಿ ತಗೀರಿ."

ಊಟಕ್ಕೆ ಬಂದವರೆಲ್ಲ ಬೇಸ್‌ಮೆಂಟಿನಲ್ಲಿ ಸಾಲಾಗಿ ನಿಂತರು. ಮೀನು ಚೆನ್ನಾಗಿವೆ ಎಂದು ಒಬ್ಬರೂ ಅನ್ನಲಿಲ್ಲ, ಯಾರು ಮಾಡಿದ್ದೆಂದೂ ಕೇಳಲಿಲ್ಲ. ನಾನೇ ಮಾಡಿದ್ದು, ಯಾರು ಬೇಡವೆಂದರೂ ಕೇಳದೆ ಉಳಿಸಿದ್ದೂ ನಾನೇ ಎಂದು ಸಾರಿಬಿಡೋಣವೆಂದು ಎದೆಯುಬ್ಬಿಸಿ ಗೋಡೆಯ ಮುಂದೆ ನಿಂತೆ. ಹಿಂದಿನಿಂದ ಯಾರೋ, "ಸ್ವಲ್ಪ ಬಗ್ರಿ, ದೇವಿ ಕಾಣವಲ್ಲಳು" ಎಂದರು.

ಬಗ್ಗಿದೆ.