ಅಧ್ಯಕ್ಷರ ಕಾಗದಕ್ಕೆ ಅರಿಶಿನ

ದೊಡ್ಡವರು ಬರೀ ದೊಡ್ಡ ಮಾತನ್ನೇ ಬರೆಯುತ್ತಾರೆ ಎಂದು ನಾನು ತಿಳಿದಿದ್ದೆ. ಶಾಲೆಯ ಮುಖ ಸರಿಯಾಗಿ ನೋಡದವಳು, ಓದಿದವರು ಹೇಳಿದರು, ನಂಬಿದೆ. ಅಮೆರಿಕದ ಟ್ರಾಯ್ ಎಂಬ ಊರಿನಲ್ಲಿ ಮಗನ ಮನೆಯಲ್ಲಿದ್ದಾಗ ಆ ನಂಬಿಕೆ ಹೋಯಿತು. ಮೊಮ್ಮಗಳು ಮೇಘನಾಳಿಗೆ ಶಾಲೆಯಲ್ಲಿ ಒಂದು ಕೆಲಸ ಕೊಟ್ಟಿದ್ದರು. ಈ ದೇಶದ ಮೊದಮೊದಲ ಅಧ್ಯಕ್ಷರೊಬ್ಬರ ಕಾಗದಗಳಲ್ಲಿ ಬೇರೆ ಯಾರೂ ಆರಿಸದ ಒಂದನ್ನು ಹುಡುಕಿ ಅದರ ಬಗ್ಗೆ ಬರೆಯಬೇಕು. ಚೆನ್ನಾಗಿದ್ದರೆ ರಾಜ್ಯದ ಸ್ಪರ್ಧೆಗೆ ಕಳಿಸುತ್ತಾರಂತೆ. ಹುಡುಗಿಗೆ ಅದೇ ಜಪ, ಊಟವೂ ಬೇಡ. ಶನಿವಾರ ಮಗ ಲೈಬ್ರರಿಗೆ ಕಾರು ತೆಗೆದ. ನಾನೂ ಹತ್ತಿ ಕೂತೆ.

ಅಲ್ಲಿ ನೋಡಿದರೆ ಕಾಗದವೇ ಇಲ್ಲ! ಎಲ್ಲದರ ಫೋಟೋ ತೆಗೆದು ರೀಲಿಗೆ ಸುತ್ತಿಟ್ಟಿದ್ದಾರೆ. ಯಂತ್ರಕ್ಕೆ ಹಾಕಿ ಹಿಡಿ ತಿರುಗಿಸಿದರೆ ಪರದೆಯ ಮೇಲೆ ಒಂದೊಂದೇ ಕಾಗದ ಬರುತ್ತದೆ. ರಾಗಿ ಬೀಸಿದ ಕೈ ಸುಮ್ಮನಿರುತ್ತದೆಯೇ? ಹಿಡಿ ನಾನೇ ಹಿಡಿದೆ.

“ಅಜ್ಜಿ, ಸ್ಲೋ! ಪ್ಲೀಸ್!” ಎಂದು ಮೇಘನಾ ಕೂಗಿದಳು. ಯುದ್ಧ, ಕಾನೂನು, ಮತ್ತೆ ಯುದ್ಧ. ಎಲ್ಲವನ್ನೂ ಬೇರೆ ಮಕ್ಕಳು ಆರಿಸಿಯಾಗಿತ್ತು. ಒಂದರ ಮುಂದೆ ಅವಳು ಕಿಸಕ್ಕನೆ ನಕ್ಕಳು.

“ಏನೇ ಅದು?” ಎಂದೆ.

ಮಗ ಬಗ್ಗಿ ಓದಿದ. “ಗೊಬ್ಬರ ಯಾವ ಹೊಲಕ್ಕೆ ಹಾಕ್ದೆ ಅಂತ ಜಮೀನು ನೋಡ್ಕೊಳ್ಳೋನನ್ನ ಕೇಳಿದಾರೆ, ಅಮ್ಮ.”

ನನಗೆ ಕುಣಿಯುವಷ್ಟು ಖುಷಿಯಾಯಿತು. “ಇದನ್ನೇ ತಗೊಳ್ಳೇ! ದೇಶ ಆಳೋನು ಗೊಬ್ಬರ ವಿಚಾರಿಸ್ತಾನೆ ಅಂದ್ರೆ ಅವನು ನಿಜವಾಗ್ಲೂ ಬದುಕಿದ್ದ ಮನುಷ್ಯ!”

ಅದನ್ನೇ ಪ್ರಿಂಟ್ ಮಾಡಿ ತಂದಳು. ಭಾನುವಾರ ಸಂಜೆ ಎಲ್ಲ ಬರೆದು, ಮೇಲೆ ಆ ಪ್ರಿಂಟ್ ಸೇರಿಸಿ ಮೇಜಿನ ಮೇಲಿಟ್ಟಳು. ಒಳ್ಳೆಯ ಕೆಲಸಕ್ಕೆ ಹೊರಟ ಕಾಗದ. ಮೂಲೆ ಬೋಳಾಗಿ ಕಳಿಸಲು ಅದೇನು ಸಾವಿನ ಸುದ್ದಿಯೇ? ಅರಿಶಿನ ಕಲಸಿ ನಾಲ್ಕೂ ಮೂಲೆಗೆ ಹಚ್ಚಿದೆ.

“ಅಜ್ಜೀ! ಯು ರೂಯಿನ್ಡ್ ಇಟ್!”

ಇನ್ನೊಂದು ಪ್ರತಿ ತರೋಣವೆಂದರೆ ಲೈಬ್ರರಿ ಮುಚ್ಚಿತ್ತು, ಬೆಳಗ್ಗೆಯೇ ಕೊಡಬೇಕು. ಸೊಸೆ ಒದ್ದೆ ಬಟ್ಟೆಯಿಂದ ಒರೆಸಿದಳು. ಅರಿಶಿನ ಗೊಬ್ಬರದ ಸಾಲಿನವರೆಗೂ ಹರಡಿತು. “ಈಗ ನೋಡು, ಹಳೇ ಕಾಗದದ ಥರಾನೇ ಇದೆ” ಎಂದೆ. ಯಾರೂ ನಗಲಿಲ್ಲ. ಮೇಘನಾ ಮೂಗು ಒರೆಸಿಕೊಂಡು ಕೆಳಗೆ ಏನೋ ಬರೆದಳು. ಮಗನಿಂದ ಓದಿಸಿದೆ: ಈ ಹಳದಿ ಕಲೆ ಅಧ್ಯಕ್ಷರದಲ್ಲ, ನನ್ನ ಅಜ್ಜಿಯದು. ಒಳ್ಳೆಯದಾಗಲಿ ಎಂದು ಹಚ್ಚಿದ್ದಾರೆ. ನನ್ನನ್ನು ಕೇಳಲಿಲ್ಲ.

ಟೀಚರ್ ಗೊಬ್ಬರಕ್ಕೊಮ್ಮೆ, ಈ ಮಾತಿಗೊಮ್ಮೆ ನಕ್ಕರಂತೆ. ಸ್ಪರ್ಧೆಗೆ ಆರಿಸಿಯೇಬಿಟ್ಟರು!

“ನೋಡಿದ್ಯಾ, ನನ್ನ ಅರಿಶಿನ!” ಎಂದೆ.

“ನೋ ಅಜ್ಜಿ. ಗೊಬ್ಬರ.”

ಅದನ್ನು ಆರಿಸಿದವಳೂ ನಾನೇ ಎಂದು ಹೇಳಲು ಬಾಯಿ ತೆರೆದೆ. ಅಷ್ಟರಲ್ಲಿ ಅವಳು ಸ್ಪರ್ಧೆಗೆಂದು ತಂದ ಹೊಸ ಪ್ರತಿಯನ್ನು ಕುರ್ಚಿ ಹತ್ತಿ ಫ್ರಿಜ್ಜಿನ ಮೇಲೆ, ನನ್ನ ಕೈಗೆ ಎಟುಕದಷ್ಟು ಹಿಂದೆ ಸರಿಸಿಟ್ಟಳು.