ಶಿವರುದ್ರಮ್ಮನ ಕಾಯಿಲೆ

ರೋಗಿಯ ವಿಷಯ ಮೂರನೆಯವರ ಕಿವಿಗೆ ಬೀಳಕೂಡದು ಎಂದು ಡಾಕ್ಟರ್ ಭೀಮರಾಜು ಶನಿವಾರ ಎರಡು ಗಂಟೆ ಪಾಠ ಮಾಡಿದ್ದರು. ಎರಡನೇ ವರ್ಷದ ವೈದ್ಯ ವಿದ್ಯಾರ್ಥಿ ಸೂರ್ಯಪ್ರಕಾಶ್ ಅದನ್ನು ಅಕ್ಷರಶಃ ನಂಬಿದ. ತೊಂದರೆ ಶುರುವಾದದ್ದೇ ಅಲ್ಲಿಂದ.

ಕಾಲೇಜಿನವರು ಒಬ್ಬೊಬ್ಬ ವಿದ್ಯಾರ್ಥಿಗೆ ದಂಡಿನಶಿವರ ಊರಿನ ಒಂದೊಂದು ಮನೆ ವಹಿಸಿದ್ದರು. ಭಾನುವಾರ ಬೆಳಿಗ್ಗೆ ಭೀಮರಾಜು ಮೇಷ್ಟ್ರ ಜೊತೆ ಹುಡುಗರೆಲ್ಲ ಬಂದಿಳಿದರು. ಸೂರ್ಯಪ್ರಕಾಶ್ ತನ್ನ ಪಾಲಿನ ಶಿವರುದ್ರಮ್ಮನನ್ನು ಒಳಕೋಣೆಯಲ್ಲಿ ಕೂರಿಸಿ, ಬಾಗಿಲು ಮುಚ್ಚಿ ಪರೀಕ್ಷಿಸಿದ. ಅರವತ್ತೆಂಟರ ಅಜ್ಜಿಗೆ ಬಿಪಿ, ಸಕ್ಕರೆ, ನಾಡಿ ಎಲ್ಲ ಸರಿಯಾಗಿದ್ದವು. ಹಾಗೆಂದು ಅವಳಿಗೆ ಹೇಳಿ ಹೊರಬಂದ.

ಜಗಲಿಯಲ್ಲಿ ತೆಂಗಿನ ಗರಿ ಸೀಳಿ ಕಡ್ಡಿ ತೆಗೆಯುತ್ತಿದ್ದ ಪಕ್ಕದ ಮನೆಯ ಗುರುಸಿದ್ದಮ್ಮ, "ಏನಂತಪ್ಪಾ ರುದ್ರಕ್ಕಂಗೆ?" ಎಂದಳು.

"ಅದನ್ನ ನಾನು ಹೇಳೋ ಹಾಗಿಲ್ಲಮ್ಮ."

ಗುರುಸಿದ್ದಮ್ಮನ ಕೈ ನಿಂತಿತು. ಶಿವರುದ್ರಮ್ಮನ ಸೊಸೆ ಮೀನಾ ಅಡುಗೆಮನೆಯಿಂದ ಬಂದು ಕೇಳಿದಳು. ಅವಳಿಗೂ ಅದೇ ಉತ್ತರ. ಸುಲಿಯದ ತೆಂಗಿನಕಾಯಿಯಂತೆ ಬಿಗಿದುಕೊಂಡಿದ್ದ ಅವನ ಮುಖ ನೋಡಿ ಇಬ್ಬರೂ ಇನ್ನೇನನ್ನೋ ಅರ್ಥ ಮಾಡಿಕೊಂಡರು.

ಸುದ್ದಿ ಊರು ಸುತ್ತಿತು. ಹನ್ನೊಂದಕ್ಕೆ ಎಳನೀರಿನ ಗೊನೆ ಬಂತು. ಹನ್ನೆರಡಕ್ಕೆ ದಬ್ಬೇಘಟ್ಟದಿಂದ ಅಜ್ಜಿಯ ತಂಗಿ ಅಳುತ್ತಾ ಬಂದಳು. ಒಬ್ಬರು ಕಿಡ್ನಿ ಎಂದರು, ಇನ್ನೊಬ್ಬರು ಅದಕ್ಕಿಂತ ದೊಡ್ಡದು ಎಂದರು. ಎರಡು ವರ್ಷದಿಂದ ಅತ್ತೆಯೊಡನೆ ಮಾತು ಬಿಟ್ಟಿದ್ದ ಮೀನಾ ಒಬ್ಬಟ್ಟು ತಟ್ಟಿ, ತುಪ್ಪ ಸುರಿದು, ಪಕ್ಕದಲ್ಲಿ ಕೂತು ಬಡಿಸಿದಳು.

ಸೂರ್ಯಪ್ರಕಾಶನಿಗೆ ದಿಕ್ಕೇ ತೋಚಲಿಲ್ಲ. ಏನೂ ಇಲ್ಲ ಎಂದರೆ ಅದೂ ರೋಗಿಯ ಗುಟ್ಟು ಬಿಟ್ಟುಕೊಟ್ಟಂತೆ. ಸುಮ್ಮನಿದ್ದರೆ ಈ ಜನ ಸಂಜೆಯೊಳಗೆ ತಿಥಿಗೂ ದಿನ ನೋಡಿಯಾರು. ರೋಗಿ ಒಪ್ಪಿದರೆ ಹೇಳಬಹುದೆಂಬುದು ನೆನಪಾಗಿ ಮತ್ತೆ ಒಳಗೆ ಹೋಗಿ, ಮೀನಾಳನ್ನು ಹೊರಗೆ ಕಳಿಸಿ ಬಾಗಿಲು ಹಾಕಿದ. ಅದನ್ನು ನೋಡಿ ಹೊರಗೆ ಅಳು ಜೋರಾಯಿತು.

"ಅಜ್ಜಿ, ನೀವು ಚೆನ್ನಾಗಿದ್ದೀರ ಅಂತ ಎಲ್ರಿಗೂ ಹೇಳ್ಬಿಡ್ಲಾ?"

ಶಿವರುದ್ರಮ್ಮ ಒಬ್ಬಟ್ಟು ಮುರಿದು ತುಪ್ಪದಲ್ಲಿ ಅದ್ದಿದಳು. "ಬ್ಯಾಡ ಕಣಪ್ಪ. ಮೀನಾ ನನ್ನನ್ನ ಅತ್ತೆ ಅಂತ ಕರ್ದು ಎರಡು ವರ್ಸ ಆಗಿತ್ತು. ಇವತ್ತು ಕರದ್ಲು."

ಅಷ್ಟರಲ್ಲಿ ಗಾಬರಿಯಾದ ಮೀನಾ ಹೋಗಿ ಡಾಕ್ಟರ್ ಭೀಮರಾಜು ಅವರನ್ನೇ ಕರೆತಂದಳು. ಏನು ಕಾಯಿಲೆ ಎಂದು ಅವರು ಕೇಳಿದರು. ರೋಗಿ ಒಪ್ಪಿಗೆ ಕೊಟ್ಟಿಲ್ಲ ಸಾರ್ ಎಂದು ಹುಡುಗ ಬೆವರುತ್ತಾ ಹೇಳಿದ. ಮೇಷ್ಟ್ರು ತಾವೇ ನೋಡುತ್ತೇನೆಂದು ಮುಂದೆ ಬಂದರೆ, ಈ ಹುಡುಗನನ್ನು ಬಿಟ್ಟು ಯಾರಿಗೂ ನಾಡಿ ಹಿಡಿಯಲು ಕೈ ಕೊಡುವುದಿಲ್ಲವೆಂದು ಅಜ್ಜಿ ಸೆರಗೆಳೆದುಕೊಂಡಳು.

ಮೇಷ್ಟ್ರ ಕಣ್ಣು ಒದ್ದೆಯಾಯಿತು. ಇಪ್ಪತ್ತು ವರ್ಷದಲ್ಲಿ ಅವರ ಪಾಠ ಒಬ್ಬನಿಗಾದರೂ ನಾಟಿದ್ದು ಇದೇ ಮೊದಲು. ಶಿಷ್ಯನ ಭುಜ ತಟ್ಟಿದರು.

"ಇಂಥ ನಂಬಿಕೆ ಕೆಡಿಸ್ಬಾರ್ದು ಕಣಯ್ಯ. ಇನ್ಮೇಲೆ ಪ್ರತಿ ಭಾನುವಾರ ನೀನೇ ಬಂದು ನೋಡ್ಕೋ. ಈಯಮ್ಮನ ಕಾಯಿಲೆ ಪೂರ್ತಿ ವಾಸಿಯಾದ ದಿನ ನಿನ್ನ ರೆಕಾರ್ಡಿಗೆ ಸಹಿ ಹಾಕ್ತೀನಿ. ಸಹಿ ಇಲ್ದೆ ಪರೀಕ್ಷೆಗೆ ಕೂರೋ ಹಾಗಿಲ್ಲ, ಅಲ್ಲೀವರೆಗೂ ಅವಸರ ಬೇಡ."